ಬಾಯಿ ಮಾತ್ರ ಆಡಿಸು

ಫೆಬ್ರವರಿ ೨೭, ಸೋಮವಾರ

ಸಂಘದ ಸಭೆ ಇಪ್ಪತ್ತೆರಡು ನಿಮಿಷದಲ್ಲಿ ಮುಗಿಯಿತು. ನನ್ನ ನೆಮ್ಮದಿ ಹತ್ತೊಂಬತ್ತನೆಯ ನಿಮಿಷಕ್ಕೇ ಮುಗಿದಿತ್ತು.

ಪ್ರತಿ ಏಪ್ರಿಲ್‌ನಲ್ಲಿ ನಮ್ಮ ಕಾಲೇಜಿನ ಸಂಗೀತ ಸೋದರ ಸಂಘ ಇಬ್ಬರನ್ನು ಸನ್ಮಾನಿಸುತ್ತದೆ. ಚೆನ್ನಾಗಿ ನುಡಿಸಿದವರೊಬ್ಬರು, ಚೆನ್ನಾಗಿ ಕಲಿಸಿದವರೊಬ್ಬರು. ಇಬ್ಬರಿಗೂ ‘ಗೌರವ ಬ್ರದರ್’ ಎಂಬ ಪಟ್ಟ. ಗಂಡೋ ಹೆಣ್ಣೋ, ಸಂಘದಲ್ಲಿ ಎಲ್ಲರೂ ಬ್ರದರ್‌ಗಳೇ. ೧೯೧೧ರಲ್ಲಿ ಸಂಘ ಕಟ್ಟಿದ ಮೀಸೆಯವರು ಹಾಗೆ ಬರೆದಿಟ್ಟು ಹೋದರು. ಮುಂದೆ ಹುಡುಗಿಯರನ್ನು ಸೇರಿಸಿಕೊಂಡಾಗ ನಿಯಮ ತಿದ್ದುವುದಕ್ಕಿಂತ ಹುಡುಗಿಯರನ್ನೇ ಬ್ರದರ್ ಮಾಡುವುದು ಸುಲಭವೆನಿಸಿತು. ಈಗ ಇರುವ ಹದಿನಾಲ್ಕು ಬ್ರದರ್‌ಗಳಲ್ಲಿ ಒಂಬತ್ತು ಜನ ಜಡೆಯವರು.

ನುಡಿಸಿದವರ ಲೆಕ್ಕಕ್ಕೆ ನಮ್ಮ ಹಳೆಯ ವಿದ್ಯಾರ್ಥಿ, ಶಿಕಾಗೋದಲ್ಲಿ ಟ್ರಾಂಬೋನ್ ಊದುವ ರಸೆಲ್ ಟಿಬೆಟ್ಸ್ ಎಂದು ಬೇಗ ತೀರ್ಮಾನವಾಯಿತು. ಕಲಿಸಿದವರು ಯಾರು ಎನ್ನುವಾಗ ಅಧ್ಯಕ್ಷೆ ಜೋಲೀನ್ ಪ್ರಾಟ್ ಎದ್ದು ನಿಂತಳು. ಜೋಲೀನ್ ತಾಳವಾದ್ಯದವಳು. ಹಾಳೆಯ ಮೇಲೆ ಏನಿದೆಯೋ ಅದನ್ನೇ ಬಾರಿಸುತ್ತಾಳೆ. ನೂರಾ ಹನ್ನೆರಡು ಎಣಿಕೆ ಸುಮ್ಮನಿರು ಎಂದು ಬರೆದಿದ್ದರೆ, ಕಟ್ಟಡಕ್ಕೆ ಬೆಂಕಿ ಬಿದ್ದರೂ ನೂರಾ ಹನ್ನೆರಡು ಎಣಿಸಿಯೇ ಓಡುವವಳು.

“ಮಿಸ್ ಆರ್ಡಿಸ್ ಕ್ವಾಮ್,” ಎಂದಳು. “ನಮ್ಮೂರ ಪ್ರೈಮರಿ ಸ್ಕೂಲಲ್ಲಿ ನಲವತ್ತೊಂದು ವರ್ಷ ಸಂಗೀತ ಹೇಳ್ಕೊಟ್ರು. ನಮ್ಮಲ್ಲಿ ಆರು ಜನದ ಅಪ್ಪ ಅಮ್ಮಂದಿರು ಅವ್ರ ಶಿಷ್ಯರು. ನಮ್ಮಮ್ಮ ಈಗ್ಲೂ ಪಾತ್ರೆ ತೊಳೀವಾಗ ಅವ್ರು ಕಲಿಸಿದ್ದನ್ನೇ ಹಾಡ್ತಾಳೆ. ಬ್ರದರ್ ಹಾಗನ್, ನಿಮ್ಗೂ ಅವ್ರೇ ಅಲ್ವಾ ಟೀಚರ್ರು?”

“ಹೌದು.”

“ಹೇಗಿದ್ರು?”

“ಸ್ಪಷ್ಟವಾಗಿ ಮಾತಾಡ್ತಿದ್ರು.”

ಹದಿನಾಲ್ಕೂ ಕೈ ಮೇಲೆದ್ದವು. ಆಕ್ಷೇಪ ಇದೆಯೇ ಎಂದು ನನ್ನನ್ನು ಕೇಳಿದರು. ನಮ್ಮ ಅಯೋವಾ ಸೀಮೆಯಲ್ಲಿ ಹುಟ್ಟಿದವನು ಮುಖಕ್ಕೆ ಮುಖ ಕೊಟ್ಟು ಆಕ್ಷೇಪಿಸಿದ ದಾಖಲೆ ಇಲ್ಲ. “ಭೇಷಾಯ್ತು,” ಎಂದೆ. ಬಿನ್ನವತ್ತಳೆ ಬರೆಯುವುದು ಸಂಘದ ಸಲಹೆಗಾರನ ಕೆಲಸ, ಅಂದರೆ ನನ್ನದು. ಅದಕ್ಕೂ ಪದ್ಧತಿ ಉಂಟು. ಐದೈದು ಗೀಟಿನ ಸಂಗೀತದ ಹಾಳೆಯ ಮೇಲೆ ಕೈಯಲ್ಲೇ ಬರೆಯಬೇಕು (ಆ ಮೀಸೆಯವರ ಬಳಿ ಬೇರೆ ಕಾಗದ ಇರಲಿಲ್ಲವಂತೆ). ಅಧ್ಯಕ್ಷರು ಅದನ್ನು ಮೊದಲೇ ನೋಡದೆ, ವೇದಿಕೆಯ ಮೇಲೆ ತೆರೆದು, ಕಂಡದ್ದನ್ನು ಕಂಡ ಹಾಗೆ ಓದಬೇಕು. ಸಂಗೀತಗಾರರಾದವರಿಗೆ ಅಷ್ಟೂ ಬಾರದಿದ್ದರೆ ಹೇಗೆ ಎಂಬುದು ಮೀಸೆಯವರ ವಾದ.

ಫೆಬ್ರವರಿ ೨೮, ಮಂಗಳವಾರ

ಈ ಪುಸ್ತಕವನ್ನು ಇನ್ನೊಬ್ಬರು ಓದುವುದಿಲ್ಲ. ಬರೆದೇಬಿಡುತ್ತೇನೆ.

೧೯೮೬ರ ಡಿಸೆಂಬರ್, ನಾಲ್ಕನೆಯ ತರಗತಿ, ಕ್ರಿಸ್‌ಮಸ್ ಹಾಡುಗಳ ತಾಲೀಮು. ಶಾಲೆಯ ಊಟದ ಹಾಲಿನಲ್ಲಿ ಮೂರು ಮೆಟ್ಟಿಲಿನ ಹಲಗೆ ಹಾಕಿದ್ದರು. ನಾನು ಮೇಲಿನ ಸಾಲು. ಹೊಟ್ಟೆಯಿಂದ ಹಾಡುತ್ತಿದ್ದೆ, ಲೋಕ ಮರೆತು ಹಾಡುತ್ತಿದ್ದೆ. ಮಿಸ್ ಕ್ವಾಮ್ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದರು. ಪೆನ್ಸಿಲನ್ನು ನಮ್ಮ ಸಾಲಿನ ಕಡೆ ಚಾಚಿ ಹೇಳಿದರು: “ಕಂದು ಸ್ವೆಟರ್! ನೀನು ಹಾಡ್ಬೇಡ ಮರಿ. ಬಾಯಿ ಮಾತ್ರ ಆಡ್ಸು.”

ಬಗ್ಗಿ ನೋಡಿಕೊಂಡೆ. ಕಂದು ಸ್ವೆಟರ್.

ಅಂದಿನಿಂದ ಆಡಿಸುತ್ತಲೇ ಇದ್ದೇನೆ. ಚರ್ಚಿನಲ್ಲಿ, ಹುಟ್ಟುಹಬ್ಬಗಳಲ್ಲಿ, ಬೇಸ್‌ಬಾಲ್ ಆಟಕ್ಕೆ ಮುಂಚಿನ ರಾಷ್ಟ್ರಗೀತೆಯಲ್ಲಿ, ನನ್ನ ಮದುವೆಯಲ್ಲಿ. ಮರುವರ್ಷ ವಾದ್ಯ ಆರಿಸಿಕೊಳ್ಳಿ ಎಂದಾಗ ಟ್ಯೂಬಾ ಆರಿಸಿಕೊಂಡೆ. ತೊಡೆಯ ಮೇಲೆ ಕೂರಿಸಿಕೊಂಡು ಊದುವ ಹಿತ್ತಾಳೆಯ ಹಂಡೆ ಅದು. ಅದನ್ನು ಬಾಯಿಗಿಟ್ಟುಕೊಂಡವನಿಗೆ ಹಾಡು ಎಂದು ಯಾರೂ ಹೇಳುವುದಿಲ್ಲ. ಸಂಘದ ಸಮಾರಂಭ ಮುಗಿದಾಗ ಎಲ್ಲ ಬ್ರದರ್‌ಗಳೂ ಹೆಗಲಿಗೆ ಹೆಗಲು ಹಚ್ಚಿ ವೃತ್ತದಲ್ಲಿ ನಿಂತು ಸಂಘದ ಗೀತೆ ಹಾಡುತ್ತಾರೆ. ಮೊದಲು ವಿದ್ಯಾರ್ಥಿಯಾಗಿ, ಆಮೇಲೆ ಮೇಷ್ಟ್ರಾಗಿ, ಇಪ್ಪತ್ತೇಳು ವರ್ಷದಿಂದ ಆ ವೃತ್ತದಲ್ಲಿ ನಿಂತಿದ್ದೇನೆ, ಒಂದು ಸ್ವರವೂ ಹೊರಡಿಸಿಲ್ಲ. ಆದರೆ ನನ್ನ ಬಾಯಾಟ ನೋಡಬೇಕು! ಉಸಿರು ತೆಗೆಯುವ ಜಾಗದಲ್ಲಿ ತೆಗೆಯುತ್ತೇನೆ, ಎತ್ತರದ ಸ್ವರಕ್ಕೆ ಹುಬ್ಬು ಏರಿಸುತ್ತೇನೆ. ಒಮ್ಮೆ ಒಬ್ಬ ಹುಡುಗ ಬಂದು “ನಿಮ್ಮ ದನಿ ಎಷ್ಟು ಮೃದು” ಎಂದು ಹೊಗಳಿ ಹೋದ.

ನನಗೆ ಬೇಕಾದ್ದು ಇಷ್ಟೇ. ಆ ಮಾತನ್ನು ಆಕೆ ಹಿಂದಕ್ಕೆ ತೆಗೆದುಕೊಳ್ಳಬೇಕು. ಕೊಟ್ಟದ್ದು ನಾಲ್ಕು ಜನರ ಮುಂದೆ, ತೆಗೆದುಕೊಳ್ಳುವುದೂ ನಾಲ್ಕು ಜನರ ಮುಂದೆ.

ಹಾಡಿದವನಿಗೆ ಹಾರ, ಊದಿದವನಿಗೆ ಭಾರ.

ಮಾರ್ಚ್ ೫, ಭಾನುವಾರ

ಬಿನ್ನವತ್ತಳೆ ಶುರು ಮಾಡಿದೆ. ‘ಮಾನ್ಯರೇ’ ಎಂದು ಬರೆದೆ. ಒಂದು ಗಂಟೆಯ ನಂತರ ‘ಮಾನ್ಯರೇ’ ಹೊಡೆದು ಹಾಕಿದೆ.

ಫ್ರಿಜ್ಜು ಗುಂಯ್‌ಗುಡಲು ಹಿಡಿದಿದೆ. ಮಾರ್ನಿ ಅಡುಗೆಮನೆಯಿಂದ ಕೂಗಿದಳು: “ವೆಂಡೆಲ್, ಇದು ಸಾಯೋ ಹಾಗಿದೆ, ಬಂದು ಕೇಳು.”

ಹೋಗಿ ಕೇಳಿದೆ. “ಶ್ರುತಿ ಶುದ್ಧವಾಗಿದೆ ಕಣೇ. ಒಂದು ಕೂದಲೂ ಆಚೀಚೆ ಇಲ್ಲ.”

“ಹಾಲು ಒಡೆದ್ರೆ ಯಾವ ಶ್ರುತೀಲಿ ಒಡೆಯುತ್ತೆ ಅಂತ್ಲೂ ಹೇಳು,” ಎಂದಳು. ಹದಿನೆಂಟು ವರ್ಷದಿಂದ ಈಕೆಗೆ ಗೊತ್ತಿರುವುದು ತನ್ನ ಗಂಡನಿಗೆ ಹಾಡು ಬರುವುದಿಲ್ಲ ಎಂದಷ್ಟೇ. ಸ್ವೆಟರಿನ ಕಥೆ ಗೊತ್ತಿಲ್ಲ.

ಫ್ರಿಜ್ಜಿಗೂ ಶ್ರುತಿ ಇದೆ, ನನಗೆ ಬರೀ ಸ್ಮೃತಿ ಇದೆ. ಪ್ರಾಸ ಬಂದರೆ ನಾನು ತಡೆಯಲಾರೆ. ಸೀನಿನ ಹಾಗೆ.

ಮಾರ್ಚ್ ೮, ಬುಧವಾರ

ಫಲಕ ಕೆತ್ತಿಸಲು ಡೆಲ್ಮರ್ ಬೋಡೆಯ ಅಂಗಡಿಗೆ ಹೋಗಿದ್ದೆ. ಬೌಲಿಂಗ್ ಗೆದ್ದವರಿಂದ ಹಿಡಿದು ಹಂದಿ ಸಾಕಣೆಯಲ್ಲಿ ಮೊದಲು ಬಂದವರ ತನಕ ಊರಿನ ಎಲ್ಲ ಬಹುಮಾನದ ಕಪ್‌ಗಳೂ ಅಲ್ಲಿಯೇ ಹುಟ್ಟುತ್ತವೆ. ಡೆಲ್ಮರ್ ಮತ್ತು ನಾನು ಒಂದೇ ತರಗತಿಯವರು. ಒಳ್ಳೆಯ ಮನುಷ್ಯ, ಒಂದೇ ದೋಷ: ಹಾಡುತ್ತಾನೆ. ಕೆತ್ತುವಾಗ ಹಾಡುತ್ತಾನೆ, ಕಟ್ಟು ಹಾಕುವಾಗ ಹಾಡುತ್ತಾನೆ, ಭಾನುವಾರ ಚರ್ಚಿನ ಗಾಯಕರ ಮುಂದಿನ ಸಾಲಿನಲ್ಲಿ ನಿಂತು ಹಾಡುತ್ತಾನೆ. ಹಾಡಿನ ಸ್ವರಗಳು ಒಂದು ಬೀದಿಯಲ್ಲಿ ಹೋದರೆ ಡೆಲ್ಮರನ ಸ್ವರಗಳು ಪಕ್ಕದ ಬೀದಿಯಲ್ಲಿ, ಕೈ ಬೀಸಿಕೊಂಡು, ಖುಷಿಯಾಗಿ ಹೋಗುತ್ತಿರುತ್ತವೆ.

“‘ಗೌರವ ಬ್ರದರ್ ಮಿಸ್ ಆರ್ಡಿಸ್ ಕ್ವಾಮ್,’” ಎಂದು ನನ್ನ ಚೀಟಿ ಓದಿದ. “ಬ್ರದರ್ ಮಿಸ್ಸಾ? ಲೋ ವೆಂಡೆಲ್, ಒಂದ್ಸಲ ಕೆತ್ತಿದ್ರೆ ಅಳ್ಸಕ್ಕಾಗಲ್ಲ, ನೋಡ್ಕೋ.”

“ಅದು ಸರಿಯಾಗೇ ಇದೆ.”

“ಹಾಗಂದ್ರೆ ನಿಮ್ಮ ಕಾಲೇಜೇ ಸರಿಯಿಲ್ಲ ಬಿಡು.” ಆಮೇಲೆ ಕೈ ಒರೆಸಿಕೊಂಡು, “ಇದನ್ನ ನನ್ನ ಕಡೆಯಿಂದ ಕೊಡ್ತೀನಿ. ಆ ಟೀಚರಮ್ಮ ಇಲ್ದಿದ್ರೆ ನಾನು ಹಾಡುಗಾರ ಆಗ್ತಿದ್ನಾ?” ಎಂದ.

ನನ್ನ ಬಾಯಿ ಮಾತ್ರ ಆಡಿತು.

ಮಾರ್ಚ್ ೯, ಗುರುವಾರ

ಇಂಥವನನ್ನು ಬಿಟ್ಟು ನನ್ನನ್ನು!

ಮಾರ್ಚ್ ೧೮, ಶನಿವಾರ

ಬಿನ್ನವತ್ತಳೆಗೆ ವಿವರ ಬೇಕೆಂದು ಜೋಲೀನಳ ಜೊತೆ ಮಿಸ್ ಕ್ವಾಮ್ ಅವರ ಮನೆಗೆ ಹೋದೆ. ಲೂಥರನ್ ಚರ್ಚಿನ ಹಿಂದೆ ಹಿರಿಯರಿಗೆಂದು ಕಟ್ಟಿದ ಮನೆಗಳಲ್ಲಿ ಒಂದು. ಇವತ್ತು ಕೇಳಿಯೇಬಿಡುವುದು ಎಂದು ಕಾರಿನಲ್ಲಿ ಮೂರು ಸಲ ಅಭ್ಯಾಸ ಮಾಡಿದ್ದೆ, ಬಾಯಿ ಮಾತ್ರ ಆಡಿಸಿ, ಜೋಲೀನಳಿಗೆ ಗೊತ್ತಾಗದ ಹಾಗೆ.

ಜೋಲೀನ್ ಬಾಗಿಲು ತಟ್ಟಿದಳು. ಒಳಗಿಂದ ದನಿ ಬಂತು: “ಮೂರನೇ ಪೆಟ್ಟು ಮುಂದಾಯ್ತು. ಇನ್ನೊಂದ್ಸಲ.”

ಜೋಲೀನ್ ಕೆಂಪಗಾಗಿ ಮತ್ತೊಮ್ಮೆ ತಟ್ಟಿದಳು. ಬಾಗಿಲು ತೆರೆಯಿತು. ಎಂಬತ್ನಾಲ್ಕು ವರ್ಷ, ನನ್ನ ಎದೆಯ ಎತ್ತರ, ಕಣ್ಣು ಮಂಜು, ಕಿವಿ ಬೆಕ್ಕಿನದು. ನಾನು “ನಮಸ್ಕಾರ” ಎಂದದ್ದೇ ತಡ, “ವೆಂಡೆಲ್ ಹಾಗನ್. ಮೇಲಿನ ಸಾಲು, ಎಡಗಡೆ,” ಎಂದರು. ಕಂಡಿರಾ? ಎಲ್ಲ ನೆನಪಿದೆ ಮಹಾತಾಯಿಗೆ.

ನಿಂಬೆಹಣ್ಣಿನ ಬಾರುಗಳನ್ನು ತಟ್ಟೆ ತುಂಬ ಇಟ್ಟರು. ಬೆಣ್ಣೆ ಹಿಟ್ಟಿನ ಮೇಲೆ ಹಳದಿ ಹುಳಿಸಿಹಿ, ಮೇಲೆ ಸಕ್ಕರೆ ಪುಡಿ. ಕೋಪದಲ್ಲಿರುವವನಿಗೆ ಕೊಡಬಾರದ ತಿಂಡಿ. ನಾಲ್ಕು ತಿಂದೆ.

ಮೊದಲ ಸಲ ಬಾಯಿ ತೆರೆದೆ: “ಮಿಸ್ ಕ್ವಾಮ್, ಒಂದು ಮಾತು…” “ಕಾಫಿಗೆ ಹಾಲು ಬೇಕಾ?” ಎಂದರು.

ಎರಡನೆಯ ಸಲ ತೆರೆದೆ. ಜೋಲೀನಳಿಗೆ ತೊಡೆಯ ಮೇಲೆ ತಾಳ ಹಾಕಿಸುತ್ತಿದ್ದರು, ಎಡಗೈಗೆ ಮೂರು, ಬಲಗೈಗೆ ಎರಡು. “ನೀನೂ ಹಾಕು ವೆಂಡೆಲ್, ಸುಮ್ನೆ ಕೂರ್ಬೇಡ,” ಎಂದರು. ಹಾಕಿದೆ.

ಮೂರನೆಯ ಸಲ ಅವರೇ ನನ್ನ ಕಡೆ ತಿರುಗಿದರು. “ಒಂದು ವಿಷಯ ಕೇಳ್ಬೇಕು ಅನ್ಕೊಂಡಿದ್ದೆ. ನೀನು ಹಾಡೋದು ಯಾಕೋ ಬಿಟ್ಟೆ? ಆ ಕ್ರಿಸ್‌ಮಸ್ ಆದ್ಮೇಲೆ ನಿನ್ನ ದನಿ ಕೇಳಿಸ್ಲೇ ಇಲ್ಲ. ನೆಗಡಿ ಅನ್ಕೊಂಡೆ.”

ಎಂಥ ಧೈರ್ಯ! ಹೇಳಬಹುದಿತ್ತು. ಎದುರಿಗೆ ಜೋಲೀನ್ ಇದ್ದಳು, ಬಾಯಲ್ಲಿ ನಿಂಬೆ ಬಾರು ಇತ್ತು. “ಹೌದು,” ಎಂದೆ, “ನೆಗಡೀನೇ.”

“ಇಷ್ಟು ದಿನಾನಾ?”

“ಹಠಮಾರಿ ನೆಗಡಿ.”

ಆಮೇಲೆ ಹೊರಡುವ ಶಾಸ್ತ್ರ. ಮೊಣಕಾಲು ತಟ್ಟಿಕೊಂಡು “ಸರಿ ಹಾಗಾದ್ರೆ” ಎಂದದ್ದು ಮೂರೂವರೆಗೆ. ಬಾಗಿಲಲ್ಲಿ ನಿಂತು ಮಾತಾಡಿದ್ದು ನಾಲ್ಕರವರೆಗೆ. ಕಾರಿನ ಕಿಟಕಿ ಇಳಿಸಿ ಮಾತಾಡಿದ್ದು ನಾಲ್ಕೂಕಾಲರವರೆಗೆ. ಇಷ್ಟರಲ್ಲಿ ಮೆಕ್ಕೆಜೋಳದ ಬೆಲೆ, ಹಿಮ, ಅವರ ಮೊಣಕಾಲು, ಎಲ್ಲದರ ಮಾತೂ ಆಯಿತು. ಆ ಒಂದು ಮಾತು ಆಗಲಿಲ್ಲ.

ಕೊಟ್ಟದ್ದು ಕಾಫಿ, ಕೇಳಬೇಕಾದ್ದು ಮಾಫಿ.

ಏಪ್ರಿಲ್ ೨, ಭಾನುವಾರ

ಎದುರಿಗೆ ಹೇಳಲಾಗದ್ದನ್ನು ಬರೆದು ಹೇಳಬಹುದಲ್ಲ. ಬಿನ್ನವತ್ತಳೆ ಒಂದೇ ಓಟಕ್ಕೆ ಬಂತು. ನಲವತ್ತೊಂದು ವರ್ಷ, ನಾಲ್ಕು ಸಾವಿರ ಮಕ್ಕಳು. ನಮ್ಮೂರ ಬೇಕರಿಯವನು ಹಿಟ್ಟು ನಾದುವುದೂ ಪೊಲೀಸು ಬೂಟು ತುಳಿಯುವುದೂ ತಾಳಕ್ಕೆ ಸರಿಯಾಗಿದ್ದರೆ ಅದಕ್ಕೆ ಇವರೇ ಕಾರಣ. ‘ಇವರು ಆಡಿದ ಒಂದು ಮಾತನ್ನು ಮಕ್ಕಳು ಜನ್ಮವಿಡೀ ಮರೆಯುವುದಿಲ್ಲ.’ ಇಲ್ಲಿಯವರೆಗೆ ಸುಳ್ಳು ಒಂದೂ ಇಲ್ಲ. ಮುಂದೆ ಕೊನೆಯೊಂದು ಬೇಕು. ಎರಡು ಬಂದವು.

ಒಂದು: ‘ಉದಾಹರಣೆಗೆ, ೧೯೮೬ರಲ್ಲಿ ಒಬ್ಬ ಹುಡುಗನಿಗೆ ಹಾಡಬೇಡ, ಬಾಯಿ ಮಾತ್ರ ಆಡಿಸು ಎಂದರು. ಅವನು ಇನ್ನೂ ಆಡಿಸುತ್ತಿದ್ದಾನೆ. ಆ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳುವರೆ?’

ಎರಡು: ‘ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಎಲ್ಲಿ ಬಿಡಬೇಕು ಎಂದು ಹೇಳಿಕೊಟ್ಟರು. ನಾವೆಲ್ಲ ಇನ್ನೂ ಹಾಗೆಯೇ ಉಸಿರಾಡುತ್ತಿದ್ದೇವೆ.’

ಯಾವುದಿರಲಿ ಎಂದು ಆಮೇಲೆ ನೋಡೋಣವೆಂದು ಎರಡನ್ನೂ ಸಂಗೀತದ ಹಾಳೆಯ ಮೇಲೆ ಒಂದರ ಮುಂದೊಂದು ಬರೆದೆ. ಮೊದಲನೆಯದರ ತಲೆಯ ಮೇಲೆ ಗೆರೆ ಎಳೆದು ೧ ಎಂದೂ ಎರಡನೆಯದರ ಮೇಲೆ ೨ ಎಂದೂ ಹಾಕಿದೆ. ನಡುವೆ ಎರಡು ಗೀಟು, ಎರಡು ಚುಕ್ಕೆ. ಬ್ಯಾಂಡಿನವರಿಗೆ ಹಾಳೆ ಬರೆದು ಬರೆದು ಕೈಗೆ ಅಂಟಿದ ಚಾಳಿ. ಕೈ ತಾನಾಗಿ ಬರೆಯುತ್ತದೆ, ನಾನು ನೋಡುತ್ತಿರುತ್ತೇನೆ.

ಏಪ್ರಿಲ್ ೧೧, ಮಂಗಳವಾರ

ಜೋಲೀನ್ ಹಳೆಯ ಫೋಟೋ ಒಂದನ್ನು ಹುಡುಕಿ ತಂದಿದ್ದಾಳೆ. ಸಮಾರಂಭದ ದಿನ ಪರದೆಯ ಮೇಲೆ ತೋರಿಸಬೇಕಂತೆ. ೧೯೮೬ರ ತಾಲೀಮು, ಮೂರು ಸಾಲು ಮಕ್ಕಳು.

“ಬ್ರದರ್ ಹಾಗನ್, ಇದ್ರಲ್ಲಿ ನೀವು ಯಾರು?”

“ಮೇಲಿನ ಸಾಲು. ಕಂದು ಸ್ವೆಟರ್.”

“ಯಾವ ಕಂದು ಸ್ವೆಟರ್?”

“ಬಾಯಿ ಮುಚ್ಚಿರೋದು. ಪಕ್ಕದಲ್ಲಿ ನೀರಾನೆ ಹಾಗೆ ಬಾಯಿ ತೆಗೆದಿರೋದು ಡೆಲ್ಮರ್.”

ಆ ವರ್ಷ ಪೇಟೆಯ ಅಂಗಡಿಯಲ್ಲಿ ರಿಯಾಯಿತಿ ಇತ್ತು, ಅರ್ಧ ಊರಿನ ತಾಯಂದಿರು ಅದೇ ಸ್ವೆಟರ್ ಕೊಂಡಿದ್ದರು. ಅದಿರಲಿ. ನನ್ನ ಮುಖ ನೋಡಿದರೆ ಅಯ್ಯೋ ಎನಿಸಿತು. ಒಂಬತ್ತು ವರ್ಷದ ಮಗು. ಒಂದನೆಯ ಕೊನೆಯೇ ಸರಿ.

ಏಪ್ರಿಲ್ ೧೪, ಶುಕ್ರವಾರ

ಎರಡನೆಯ ಕೊನೆಯೇ ಸರಿ. ಎಂಬತ್ನಾಲ್ಕು ವರ್ಷದ ಹೆಂಗಸು. ನಿಂಬೆ ಬಾರು ತಿಂದ ಬಾಯಿ ಇದು.

ನಾಳೆ ಬೆಳಿಗ್ಗೆ ಮೊದಲನೆಯದನ್ನು ಕತ್ತರಿಸಿ, ಶುದ್ಧ ಪ್ರತಿ ಮಾಡಿ, ಮಖಮಲ್ಲಿನ ಕೋಶಕ್ಕೆ ಹಾಕಬೇಕು. ಮರೆಯಬಾರದು.

ಏಪ್ರಿಲ್ ೧೫, ಶನಿವಾರ, ಸಂಜೆ

ಮರೆತೆ.

ನಿಜವಾಗಿಯೂ ಮರೆತೆ. ನನ್ನ ದಿನಚರಿಗೆ ನಾನೇ ಸುಳ್ಳು ಹೇಳುವೆನೆ? ಬೆಳಿಗ್ಗೆ ಮಾರ್ನಿ ಸಮಾರಂಭದ ಊಟಕ್ಕೆಂದು ಆಲೂಗಡ್ಡೆ ಉಂಡೆಗಳ ಹಾಟ್‌ಡಿಶ್ ಬೇಯಿಸಿ, ಕಾರಿನಲ್ಲಿ ಆ ಬಿಸಿ ಪಾತ್ರೆಯನ್ನು ನನ್ನ ತೊಡೆಯ ಮೇಲೆ ಕೂರಿಸಿದಳು, ಟ್ಯೂಬಾದ ಹಾಗೆ. ತೊಡೆ ಸುಡುತ್ತಿರುವವನಿಗೆ ಕತ್ತರಿ ನೆನಪಾಗುವುದಿಲ್ಲ. ಕೋಶವನ್ನು ಜೋಲೀನಳ ಕೈಗೆ ಕೊಟ್ಟು ಮುಂದಿನ ಸಾಲಿನಲ್ಲಿ ಕೂತೆ.

ಸಭಾಂಗಣ ತುಂಬಿತ್ತು. ಬೇಕರಿಯವನು, ದಂತವೈದ್ಯೆ, ಪೊಲೀಸು, ಎಲ್ಲ ಬಂದಿದ್ದರು. ಫಲಕ ತಂದ ಡೆಲ್ಮರ್ ಹಿಂದಿನ ಸಾಲಿನಲ್ಲಿ ಹಾಟ್‌ಡಿಶ್ ಬಡಿಸಿಕೊಂಡು ಕೂತಿದ್ದ. ಮೊದಲು ರಸೆಲ್ ಟಿಬೆಟ್ಸ್ ಸನ್ಮಾನ. ಅವರಿಗೆ ಬೇರೆ ಊರಿನಲ್ಲಿ ಕಛೇರಿಯಿತ್ತು, ಪರದೆಯ ಮೇಲೆ ಕಾಣಿಸಿಕೊಂಡರು. ದನಿ ಗುಂಡಿ ಒತ್ತಿರಲಿಲ್ಲ. ಐದು ನಿಮಿಷ, ಕಣ್ಣಲ್ಲಿ ನೀರು ತುಂಬಿಕೊಂಡು, ಬಾಯಿ ಮಾತ್ರ ಆಡಿಸಿದರು. ನಮ್ಮೂರವರು ಸಭ್ಯರು, ನಡುನಡುವೆ ತಲೆದೂಗಿ, ಕೊನೆಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಲೆಗಾರ ಕಲೆಗಾರನನ್ನು ಬಲ್ಲ. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ.

ಆಮೇಲೆ ಮಿಸ್ ಕ್ವಾಮ್. ಜೋಲೀನ್ ಕೋಶ ತೆರೆದು, ಹಾಳೆ ನೋಡಿ, ಕಂಡದ್ದನ್ನು ಕಂಡ ಹಾಗೆ ಓದಲು ತೊಡಗಿದಳು. ಬೇಕರಿಯವನ ಹಿಟ್ಟು ಬಂದಾಗ ಜನ ನಕ್ಕರು. ಪೊಲೀಸಿನ ಬೂಟು ಬಂದಾಗ ಪೊಲೀಸೂ ನಕ್ಕ. “ಇವರು ಆಡಿದ ಒಂದು ಮಾತನ್ನು ಮಕ್ಕಳು ಜನ್ಮವಿಡೀ ಮರೆಯುವುದಿಲ್ಲ. ಉದಾಹರಣೆಗೆ, ೧೯೮೬ರಲ್ಲಿ…”

ಆಗ ಕತ್ತರಿ ನೆನಪಾಯಿತು.

“…ಆ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳುವರೆ?”

ಸಭಾಂಗಣದಲ್ಲಿ ಒಂದು ಚಮಚೆ ಬಿದ್ದ ಸದ್ದು. ಅಷ್ಟೇ. ಇಷ್ಟಕ್ಕೆ ನಿಂತಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ಆದರೆ ಜೋಲೀನಳ ಕಣ್ಣು ಎರಡು ಗೀಟು ಎರಡು ಚುಕ್ಕೆಯ ಮೇಲೆ ಬಿತ್ತು. ಸಂಗೀತ ಓದಬಲ್ಲ ಯಾವ ಪ್ರಾಣಿಗೂ ಅದರ ಅರ್ಥ ಒಂದೇ: ಮೊದಲಿಗೆ ಹಿಂತಿರುಗು, ಎರಡನೆಯ ಸಲ ೧ನ್ನು ಬಿಟ್ಟು ೨ಕ್ಕೆ ಹಾರು. ಹುಡುಗಿ ಕಣ್ಣು ಮಿಟುಕಿಸಲಿಲ್ಲ. ಸರಿಯಾಗಿ ಒಂದು ಉಸಿರು ತೆಗೆದುಕೊಂಡು ಮತ್ತೆ ಮೊದಲಿಂದ ಓದಿದಳು. ನಲವತ್ತೊಂದು ವರ್ಷ. ನಾಲ್ಕು ಸಾವಿರ ಮಕ್ಕಳು. ಬೇಕರಿಯವನ ಹಿಟ್ಟು ಎರಡನೆಯ ಸಲ ಬಂದಾಗ ಯಾರೂ ನಗಲಿಲ್ಲ. ಪೊಲೀಸು ಬೂಟು ಒಳಕ್ಕೆ ಎಳೆದುಕೊಂಡ. “ನಾವೆಲ್ಲ ಇನ್ನೂ ಹಾಗೆಯೇ ಉಸಿರಾಡುತ್ತಿದ್ದೇವೆ” ಎಂದು ಮುಗಿಸಿ ಹಾಳೆ ಮಡಚಿದಳು. ಯಾರೂ ಉಸಿರಾಡುತ್ತಿರಲಿಲ್ಲ.

ಮಿಸ್ ಕ್ವಾಮ್ ಮೈಕಿನ ಹತ್ತಿರ ಬಂದರು.

“ಯಾರದು ಆ ಹುಡುಗ?”

ನಾಲ್ಕು ನೂರು ಜನರ ಮುಂದೆ ಎದ್ದು ನಿಂತೆ. ಕಾಲು ನನ್ನವಾಗಿರಲಿಲ್ಲ, ಒಂಬತ್ತು ವರ್ಷದವನ ಕಾಲು.

“ವೆಂಡೆಲ್? ನಿನಗ್ಯಾಕೋ ನಾನು ಹಾಗಂದೆ?”

“ಕಂದು ಸ್ವೆಟರ್ ಅಂದ್ರಿ, ಮಿಸ್ ಕ್ವಾಮ್.”

“ಅಂದೆ. ನಾನು ಹೇಳಿದ್ದು ಡೆಲ್ಮರ್‌ಗೆ.”

ಹಿಂದಿನ ಸಾಲಿನಿಂದ, ಬಾಯ್ತುಂಬ ಆಲೂಗಡ್ಡೆಯ ದನಿ: “ನನಗಾ?”

“ನಿನಗೇ ಕಣೋ. ಅವನ ಪಕ್ಕದಲ್ಲಿ ನಿಂತು, ಅವನನ್ನೂ ಮುಳುಗಿಸ್ಕೊಂಡು ಕಿರಿಚ್ತಿದ್ದೆ.”

ಜೋಲೀನಳ ಹಿಂದೆ ಪರದೆಯ ಮೇಲೆ ಆ ಫೋಟೋ ಇತ್ತು. ಮೇಲಿನ ಸಾಲು. ಎರಡು ಕಂದು ಸ್ವೆಟರ್. ಒಂದು ಮುಚ್ಚಿದ ಬಾಯಿ, ಒಂದು ನೀರಾನೆ.

“ಮೂವತ್ತಾರು ವರ್ಷದಿಂದ ಹಾಡ್ತಿದೀನಿ,” ಎಂದು ಡೆಲ್ಮರ್ ಎದ್ದು ನಿಂತ, ಫೋರ್ಕು ಕೈಯಲ್ಲೇ. “ಚರ್ಚಲ್ಲಿ ಮುಂದಿನ ಸಾಲು! ಯಾರೂ ಒಂದು ಮಾತು ಹೇಳ್ಲಿಲ್ಲ!”

“ನಾನು ಹೇಳ್ದೆನಲ್ಲಪ್ಪ,” ಎಂದರು ಮಿಸ್ ಕ್ವಾಮ್. “ಇವನು ಕೇಳಿಸ್ಕೊಂಡ.”

ಆಮೇಲೆ ಎದ್ದ ನಗೆಯನ್ನು ನಾನು ಬರೆಯಲಾರೆ. ದಂತವೈದ್ಯೆಯ ಹಲ್ಲುಗಳೆಲ್ಲ ಕಂಡವು. ಮಾರ್ನಿ ನನ್ನನ್ನೇ ನೋಡುತ್ತಿದ್ದಳು, ಅವಳು ಮಾತ್ರ ನಗುತ್ತಿರಲಿಲ್ಲ. ಮಿಸ್ ಕ್ವಾಮ್ ಕೈಯೆತ್ತಿದರು. ನಾಲ್ಕು ನೂರು ಜನರ ನಗು ತಟ್ಟನೆ ನಿಂತಿತು. ಎಲ್ಲ ಹಳೆಯ ಶಿಷ್ಯರೇ ತಾನೆ.

“ಆ ಮಾತು ತಪ್ಪು,” ಎಂದರು. “ಯಾವ ಸ್ವೆಟರಿಗೂ ಆಡಬಾರದಿತ್ತು. ಡೆಲ್ಮರ್, ಹಿಂದಕ್ಕೆ ತಗೊಂಡೆ. ವೆಂಡೆಲ್, ನಿನಗೆ ಅದನ್ನ ಕೊಟ್ಟೇ ಇರ್ಲಿಲ್ಲ, ಆದ್ರೂ ಹಿಂದಕ್ಕೆ ತಗೊಂಡೆ. ಆ ಸಾಲಲ್ಲಿ ಶ್ರುತಿ ಹಿಡಿದು ಹಾಡ್ತಿದ್ದೋನು ನೀನೊಬ್ನೇ ಕಣೋ. ನೀನು ಹಾಡೋದು ನಿಲ್ಲಿಸಿದ್ದೇ ತಡ, ಇವನು ಇನ್ನೂ ಚೆನ್ನಾಗಿ ಕೇಳಿಸ್ತಾ ಹೋದ. ನನ್ನ ನಲವತ್ತೊಂದು ವರ್ಷದಲ್ಲಿ ಅಂಥಾ ಕ್ರಿಸ್‌ಮಸ್ ಇನ್ನೊಂದಿಲ್ಲ.”

ನನಗೆ ಬೇಕಾದ್ದು ಸಿಕ್ಕಿತು. ನಾಲ್ಕು ಜನ ಕೇಳಿದ್ದೆ, ನಾಲ್ಕು ನೂರು ಜನ ಸಿಕ್ಕರು. ಏನೂ ಅನಿಸಲಿಲ್ಲ. ಸ್ವೆಟರ್ ತೆಗೆದಾಗ ಮೈಗೆ ಗಾಳಿ ತಗುಲುತ್ತದಲ್ಲ, ಅಷ್ಟೇ.

ಕೊನೆಗೆ ವೃತ್ತ. ಪದ್ಧತಿಯಂತೆ ಬಿನ್ನವತ್ತಳೆ ಬರೆದವನು ಸನ್ಮಾನಿತರ ಎಡಕ್ಕೆ ನಿಲ್ಲಬೇಕು, ನಿಂತೆ. ಮಿಸ್ ಕ್ವಾಮ್ “ಇವನೂ ಬರ್ಲಿ” ಎಂದು ಸಂಘಕ್ಕೆ ಸೇರದ ಡೆಲ್ಮರನನ್ನೂ ಎಳೆದು ತಂದು ನನ್ನ ಇನ್ನೊಂದು ಪಕ್ಕಕ್ಕೆ ನಿಲ್ಲಿಸಿದರು. ಹಳೆಯ ಸಾಲೇ ಆಯಿತು. ಡೆಲ್ಮರ್ ಹಾಳೆ ಹಿಡಿದು ನಿಂತಿದ್ದ, ಬಾಯಿ ಮುಚ್ಚಿಕೊಂಡು. ಡೆಲ್ಮರನ ಬಾಯಿ ಮುಚ್ಚಿದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ನೋಡಲಾಗಲಿಲ್ಲ.

“ಹಾಡೋ,” ಎಂದು ಮೊಣಕೈಯಲ್ಲಿ ತಿವಿದೆ.

“ಎಲ್ಲಿದೆಯೋ ಅದು?” ಎಂದು ಪಿಸುಗುಟ್ಟಿದ. ಶ್ರುತಿಯನ್ನು ಕೇಳುತ್ತಿದ್ದ, ಕಳೆದುಹೋದ ಬೀಗದ ಕೈಯನ್ನು ಕೇಳುವ ಹಾಗೆ.

ಏನು ಮಾಡುವುದು? ಯಾರಾದರೂ ತೋರಿಸಬೇಕಿತ್ತು. ಅವನ ಕಿವಿಯ ಹತ್ತಿರ ಬಗ್ಗಿ ಎಲ್ಲಿದೆ ಎಂದು ತೋರಿಸಿದೆ. ಎರಡನೆಯ ಸಾಲಿಗೆ ಮತ್ತೆ ಪಕ್ಕದ ಬೀದಿಗೆ ಹೋದ. ಕೈ ಹಿಡಿದು ಕರೆತರಲು ಇನ್ನೂ ಸ್ವಲ್ಪ ಜೋರಾಗಿ ತೋರಿಸಬೇಕಾಯಿತು. ಮೂರನೆಯ ಚರಣದ ಎತ್ತರದ ಸ್ವರದಲ್ಲಿ ಕೈ ಬಿಟ್ಟರೆ ಮಾನ ಹೋಗುತ್ತಿತ್ತು, ಆದ್ದರಿಂದ ಪೂರ್ತಿ ತೋರಿಸಿದೆ. ಇದನ್ನು ಹಾಡುವುದು ಎನ್ನಲಾಗದು. ದಾರಿ ತೋರಿಸುವುದು ಅಷ್ಟೇ. ಊರಿನ ಹಿತಕ್ಕಾಗಿ.

ಮಿಸ್ ಕ್ವಾಮ್ ನನ್ನ ಬಲಗೈಯನ್ನು ಹಿಡಿದುಕೊಂಡಿದ್ದರು. ಬೆರಳಿನಿಂದ ತಾಳ ಹಾಕುತ್ತಿದ್ದರು. ಮುಗಿದ ಮೇಲೆ ಒಂದೇ ಮಾತು ಹೇಳಿದರು: “ನೆಗಡಿ ಹೋಯ್ತು ಅನ್ನು.”

ಏಪ್ರಿಲ್ ೧೬, ಭಾನುವಾರ

ಗಂಟಲು ಕಟ್ಟಿದೆ. ಯಾಕೋ ಗೊತ್ತಿಲ್ಲ. ನೆಗಡಿ ಇರಬೇಕು. ಶುಂಠಿ ಪೆಪ್ಪರ್‌ಮೆಂಟು ತರಬೇಕು.

ಚರ್ಚಿನಲ್ಲಿ ಡೆಲ್ಮರ್ ಮುಂದಿನ ಸಾಲು ಬಿಟ್ಟು ನನ್ನ ಪಕ್ಕ ಬಂದು ಕೂತ. “ಇವತ್ತೂ ತೋರ್ಸು,” ಎಂದ. ಆಗಲಿ ಎಂದೆ. ಮನುಷ್ಯನಿಗೆ ಮನುಷ್ಯ ಇಷ್ಟಾದರೂ ಮಾಡದಿದ್ದರೆ ಹೇಗೆ.

ಏಪ್ರಿಲ್ ೨೨, ಶನಿವಾರ

ವಿಶೇಷವೇನಿಲ್ಲ. ಜೋಲೀನ್ ಬಂದಿದ್ದಳು, ಮುಂದಿನ ವರ್ಷದಿಂದ ಬಿನ್ನವತ್ತಳೆಯನ್ನು ಎರಡು ಸಲ ಓದುವುದು ಪದ್ಧತಿಯಾಗಲಿ ಎಂದು ಹದಿನಾಲ್ಕೂ ಬ್ರದರ್‌ಗಳು ಕೈಯೆತ್ತಿದ್ದಾರಂತೆ. ಮೊದಲ ಸಲ ಕಿವಿಗೆ ಬಿದ್ದದ್ದು ಎರಡನೆಯ ಸಲ ಎದೆಗೆ ಬೀಳುತ್ತದೆ ಎಂದು ಅವಳ ಅಭಿಪ್ರಾಯ. ಮೀಸೆಯವರಿಗೆ ಹೊಳೆಯದಿದ್ದದ್ದು ಇವಳಿಗೆ ಹೊಳೆಯಿತು.

ಊಟವಾದ ಮೇಲೆ ಪಾತ್ರೆ ತೊಳೆಯುತ್ತಿದ್ದೆ. ಹಿಂದಿನಿಂದ ಮಾರ್ನಿ ಎಂದಳು: “ಏನದು?”

“ಯಾವುದು?”

“ಆ ಸದ್ದು.”

“ಫ್ರಿಜ್ಜು,” ಎಂದೆ. “ಶ್ರುತಿ ಶುದ್ಧವಾಗಿದೆ ನೋಡು.”

ಅವಳು ಒಂದು ತಟ್ಟೆ ಒರೆಸಿದಳು. ಇನ್ನೊಂದು ಒರೆಸಿದಳು.

“ಫ್ರಿಜ್ಜು ಗುರುವಾರಾನೇ ಸತ್ತೋಯ್ತಲ್ಲ ವೆಂಡೆಲ್. ಪ್ಲಗ್ ಕಿತ್ತು ಗ್ಯಾರೇಜಿಗೆ ಹಾಕಿದ್ದು ನೀನೇ,” ಎಂದಳು. “ನಿಲ್ಲಿಸ್ಬೇಡ.”